ಎಡಗಿವಿಯ ಗದ್ದಲ

ಕಿವಿ ಪರೀಕ್ಷೆಯ ಗ್ರಾಫ್ ನೋಡಿ ಎದುರಿಗೆ ಕೂತವರ ಕಸುಬು ಊಹಿಸುವುದು ಮುನೀಬಾಳಿಗೆ ಒಂದು ಚಟವೇ ಆಗಿಬಿಟ್ಟಿತ್ತು. ಮೈಸೂರಿನಲ್ಲಿ ಓದಿ, ಮದುವೆಯಾಗಿ ವರ್ಜೀನಿಯಾಕ್ಕೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಮತ್ತೊಮ್ಮೆ ಬರೆದು ಆಡಿಯಾಲಜಿಸ್ಟ್ ಆದವಳು ಅವಳು. ಸೆಂಟರ್‌ವಿಲ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹದಿಮೂರು ವರ್ಷದಿಂದ ಅದೇ ಕೆಲಸ. ಗ್ರಾಫಿನ ಗೆರೆ ಬಲಕ್ಕೆ ಹೋದಂತೆಲ್ಲ ಮೆಲ್ಲಗೆ ಇಳಿದರೆ ಅದು ವಯಸ್ಸು. ನಾಲ್ಕು ಸಾವಿರ ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದು ಮತ್ತೆ ಮೇಲೆದ್ದರೆ ಅದು ಗದ್ದಲದಿಂದ ಆದ ಪೆಟ್ಟು. ಬಲಗೈಯವರು ಬಂದೂಕು ಹಾರಿಸಿದರೆ ಮೊದಲು ಹೋಗುವುದು ಎಡಗಿವಿ.

೨೦೨೩ರ ಅಕ್ಟೋಬರಿನಲ್ಲಿ ಅವಳ ಮುಂದೆ ಬಂದ ಗ್ರಾಫಿನಲ್ಲಿ ಎಡಗಿವಿಯ ಗುಂಡಿ ಎಷ್ಟು ಆಳವಾಗಿತ್ತೆಂದರೆ ಅವಳಿಗೆ ಅನುಮಾನವೇ ಉಳಿಯಲಿಲ್ಲ.

"ಅಂಕಲ್, ನೀವು ಹಂಟಿಂಗ್ ಏನಾದ್ರೂ ಮಾಡ್ತಿದ್ರಾ?"

ಎದುರಿಗಿದ್ದವರು ಶಿವಶರಣಪ್ಪ. ಅರವತ್ತೊಂದು ವರ್ಷ, ಊರು ಕಲಬುರಗಿಯ ಕಡೆ, ವಿದ್ಯುತ್ ಇಂಜಿನಿಯರ್ ಆಗಿದ್ದು ಅದೇ ವರ್ಷ ನಿವೃತ್ತರಾದವರು. ಅವರು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹೆಂಡತಿ ಸಿದ್ದೇಶ್ವರಿ ಎದ್ದೇ ನಿಲ್ಲುವಷ್ಟು ಗಾಬರಿಯಾದರು.

"ಅಯ್ಯ, ಏನ್ ಕೇಳ್ತೀರಿ! ನಾವು ತತ್ತಿ ಸುದ್ದಾ ಮುಟ್ಟಂಗಿಲ್ರಿ."

ಈ ದಂಪತಿ ಪಕ್ಕದ ರಾಜ್ಯದ ಕ್ಲಾರ್ಕ್ಸ್‌ಬರ್ಗ್‌ನಿಂದ ನದಿ ದಾಟಿ ಒಂದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು. ಹತ್ತಿರದಲ್ಲೇ ಕಿವಿಯ ಡಾಕ್ಟರುಗಳಿದ್ದರೂ ಕನ್ನಡ ಬಲ್ಲವರೇ ಬೇಕೆಂದು ಸಿದ್ದೇಶ್ವರಿ ಹಟ ಹಿಡಿದು ಹುಡುಕಿಸಿದ್ದರಂತೆ. ಗಂಡನಿಗೆ ತಾನು ಹೇಳಿದ್ದು ಮೂರು ವರ್ಷದಿಂದ ಕೇಳಿಸುತ್ತಿಲ್ಲ, ಅದು ಕಿವಿಯ ತಪ್ಪೋ ಮನಸ್ಸಿನ ತಪ್ಪೋ ಗೊತ್ತಾಗಬೇಕು ಎನ್ನುವುದು ಅವರ ದೂರು.

"ಕಿವಿದೇ ಆಂಟಿ," ಎಂದು ಮುನೀಬಾ ನಕ್ಕಳು. "ಆದ್ರೆ ಇದು ಬರೀ ವಯಸ್ಸಿನದ್ದಲ್ಲ. ಯಂಗ್ ಆಗಿದ್ದಾಗ ಯಾವುದೋ ಜೋರು ಸೌಂಡ್ ಹತ್ತಿರ ತುಂಬ ದಿನ ನಿಂತಿರ್ಬೇಕು. ಎಡಗಡೆ ಇಟ್ಕೊಂಡು."

ಶಿವಶರಣಪ್ಪ ಗ್ರಾಫನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಗುಂಡಿಯ ಮೇಲೆ ಬೆರಳಿಟ್ಟರು.

"ಬಂದೂಕಲ್ರಿ," ಎಂದರು. "ಗಿಟಾರ್."

ಸಿದ್ದೇಶ್ವರಿ ಗಂಡನ ಮುಖ ನೋಡಿದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಮಾತು ಅವರು ಕೇಳಿದ್ದು ಅದೇ ಮೊದಲು.

ಶಿವಶರಣಪ್ಪ ಏನೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ೧೯೮೬ರಲ್ಲಿ ಎಂ.ಎಸ್. ಮಾಡಲೆಂದು ಸಿಯಾಟಲ್‌ಗೆ ಹೋದ ಶಿವಶರಣಪ್ಪ ಸಂಜೆ ಹೊತ್ತು ಒಂದು ಸಂಗೀತದ ಅಂಗಡಿಯಲ್ಲಿ ಕೆಟ್ಟ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುತ್ತಿದ್ದರು. ಅಲ್ಲಿಗೆ ಡೀನಾ ಎಂಬ ಹುಡುಗಿ ಅಡವಿನ ಅಂಗಡಿಯಲ್ಲಿ ಕೊಂಡ ಹಳೆಯ ಆಂಪ್ ಹೊತ್ತು ತಂದಳು. ಅದು ಸ್ವಿಚ್ ಹಾಕಿದರೆ ಸಾಕು, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್‌ಗುಡುತ್ತಿತ್ತು. ಇವರು ಸರಿಮಾಡಿ ಕೊಟ್ಟರು. ಮರುದಿನ ಅವಳು ವಾಪಸು ಬಂದು, ನೀನು ಅದನ್ನು ಹಾಳು ಮಾಡಿದೆ, ಮೊದಲಿದ್ದ ಹಾಗೆ ಮಾಡಿಕೊಡು ಎಂದಳು.

"ನನಗ ಸಿಟ್ಟು ಬಂತು ನೋಡ್ರಿ," ಎಂದರು ಶಿವಶರಣಪ್ಪ. "ಇಂಜಿನಿಯರ್ ಅಂದ್ರ ಶಬ್ದ ಕ್ಲೀನ್ ಮಾಡಬೇಕು. ಇವ್ರು ಹೊಲಸು ಮಾಡು ಅಂತಾರ. ಏನದ ನೋಡೂಣು ಅಂತ ಅವ್ರ ಪ್ರಾಕ್ಟೀಸಿಗೆ ಹೋದೆ. ಆಮ್ಯಾಲ ಮೂರು ವರ್ಷ ಅಲ್ಲೇ ನಿಂತೆ. ನನ್ನ ಬಲಕ್ಕ ಗ್ವಾಡಿ, ಎಡಕ್ಕ ಆಂಪ್. ಅದರ ಕಡೆ ಬಗ್ಗಿ ನಿಂದರಾಂವ."

ಅಂದು ಅಷ್ಟೇ ಮಾತಾದದ್ದು. ಮುಂದಿನ ಪೇಷೆಂಟ್ ಹೊರಗೆ ಕಾಯುತ್ತಿದ್ದರು. ಮುನೀಬಾ ಎರಡೂ ಕಿವಿಗೆ ಶ್ರವಣಯಂತ್ರ ಬರೆದುಕೊಟ್ಟಳು, ವಾರದ ನಂತರ ಹಾಕಿ ಕಳಿಸಿದಳು.

ಹದಿನೈದು ದಿನ ಕಳೆದು ಶಿವಶರಣಪ್ಪ ಒಬ್ಬರೇ ಬಂದರು. ಮನೆಯಲ್ಲಿ ಎಲ್ಲ ಚೆನ್ನಾಗಿ ಕೇಳಿಸುತ್ತಿದೆ, ಹೆಂಡತಿ ಈಗ ಪಿಸುಮಾತಿನಲ್ಲಿ ಬೈದರೂ ಗೊತ್ತಾಗುತ್ತದೆ ಎಂದು ಮೊದಲು ಒಳ್ಳೆಯ ಸುದ್ದಿ ಹೇಳಿದರು. ಆಮೇಲೆ ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲಿಟ್ಟರು.

ಡೀನಾಳ ಬ್ಯಾಂಡಿನ ಹೆಸರು ಮಡ್ ಫೆರಿ. ಮೂರೇ ಜನ. ೧೯೮೯ರಲ್ಲಿ ಒಂದು ನೆಲಮಾಳಿಗೆಯಲ್ಲಿ ಒಂದೇ ದಿನದಲ್ಲಿ ನಾಲ್ಕು ಹಾಡು ಕ್ಯಾಸೆಟ್ಟಿಗೆ ತುಂಬಿದ್ದರು, ತುಂಬಿದವರು ಶಿವಶರಣಪ್ಪ. ನೂರು ಪ್ರತಿ ಮಾಡಿ ಹಂಚಿದ್ದು ಬಿಟ್ಟರೆ ಆ ಬ್ಯಾಂಡ್ ಯಾರಿಗೂ ಗೊತ್ತಾಗಲಿಲ್ಲ. ಈಗ ಸಿಯಾಟಲ್‌ನ ಒಂದು ಪುಟ್ಟ ಕಂಪನಿ ಹಳೆಯ ಮೂಲ ಟೇಪುಗಳನ್ನು ಹುಡುಕಿ ಐನೂರು ಪ್ರತಿ ಎಲ್‌ಪಿ ರೆಕಾರ್ಡ್ ತರುತ್ತಿತ್ತು. ಟೇಪಿನ ಡಬ್ಬಿಯ ಮೇಲೆ ರೆಕಾರ್ಡ್ ಮಾಡಿದವರ ಹೆಸರು ‘ಶಿವ್’ ಎಂದಿದ್ದುದನ್ನು ನೋಡಿ ಹೇಗೋ ಇವರನ್ನು ಪತ್ತೆಮಾಡಿ, ಹಾಡುಗಳ ಫೈಲ್ ಕಳಿಸಿ, ಕೇಳಿ ಸರಿಯಿದೆಯೇ ತಿಳಿಸಿ, ಮೂರು ವಾರ ಸಮಯವಿದೆ ಎಂದು ಬರೆದಿದ್ದರು.

"ಕೇಳ್ರಿ," ಎಂದು ಅವರು ಹಾಡು ಹಚ್ಚಿದರು.

ಮುನೀಬಾ ಕೇಳಿದಳು. ಎಲ್ಲೋ ಟ್ರಕ್ಕೊಂದು ಮಣ್ಣಿನಲ್ಲಿ ಸಿಕ್ಕಿಕೊಂಡು ಒದ್ದಾಡುವಂಥ ಗಿಟಾರು, ಅದರ ಹಿಂದೆ ಯಾವುದಕ್ಕೂ ಅವಸರವಿಲ್ಲದ ಡ್ರಮ್ಮು, ಅದರ ಮೇಲೆ ಒಬ್ಬ ಹುಡುಗಿಯ ದನಿ, ಮೊದಲು ಗೊಣಗಿ ಆಮೇಲೆ ಕಿರಿಚುವುದು. ಬಾಲ್ಯದಲ್ಲಿ ರೇಡಿಯೋದ ಗಜಲುಗಳನ್ನು ಕೇಳಿ ಬೆಳೆದ ಅವಳಿಗೆ ಇದು ಸಂಗೀತವೆಂದು ಯಾರಾದರೂ ಹೇಳಬೇಕಾಗಿತ್ತು.

"ನಿಮಗೆ ಹೇಗೆ ಕೇಳ್ಸುತ್ತೆ ಅಂಕಲ್?"

"ಮದಲ ಒಂದು ಸೆಕೆಂಡ್ ಗಿಟಾರ್ ಬರ್ತದ. ಆಮ್ಯಾಲ ಯಾರೋ ಅದರ ಮ್ಯಾಲ ಕಂಬಳಿ ಮುಚ್ಚಿದಂಗ ಆಗ್ತದ. ಡೀನಾ ಹಾಡಿದ್ರ ಅದು ಕೇಳಸ್ತದ. ಆಕಿ ಬಾಯಿ ಮುಚ್ಚಿದ್ರ ಏನೂ ಇಲ್ಲ. ನಿಮ್ಮ ಮಷೀನಿಗೆ ನನ್ನ ಗಿಟಾರ್ ಸೇರಂಗಿಲ್ಲ."

ಮುನೀಬಾಳಿಗೆ ತಕ್ಷಣ ಹೊಳೆಯಿತು. ಆ ಯಂತ್ರದ ಒಳಗಿರುವ ಚಿಪ್ಪಿಗೆ ಎರಡೇ ಜಾತಿ ಗೊತ್ತು: ಮಾತು ಮತ್ತು ಗದ್ದಲ. ಒಂದೇ ಸಮನೆ ಗುಂಯ್‌ಗುಡುವ ಯಾವುದನ್ನೇ ಆದರೂ ಅದು ವ್ಯಾಕ್ಯೂಮ್ ಕ್ಲೀನರ್ ಎಂದುಕೊಂಡು ಅಮುಕುತ್ತದೆ. ಹಾಗೆ ಅಮುಕಲಿ ಎಂದೇ ಜನ ಅಷ್ಟು ದುಡ್ಡು ಕೊಟ್ಟು ಕೊಳ್ಳುವುದು. ಅವಳು ಕಂಪ್ಯೂಟರಿನಲ್ಲಿ ‘ಮ್ಯೂಸಿಕ್’ ಎಂಬ ಬೇರೆ ಸೆಟ್ಟಿಂಗ್ ಹಾಕಿ ನೋಡಿದಳು. ಅದನ್ನು ತಯಾರಿಸಿದವರು ಪಿಟೀಲು, ಪಿಯಾನೋ ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ಕಾಣುತ್ತದೆ. ಕಂಬಳಿ ತುಸು ತೆಳುವಾಯಿತು, ಹೋಗಲಿಲ್ಲ.

"ಈ ಗದ್ದಲ ಅಷ್ಟು ಇಂಪಾರ್ಟೆಂಟಾ?" ಎಂದು ಅವಳು ಕೇಳಿದಳು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

ಆ ದಿನ ಮುಂದಿನ ಅಪಾಯಿಂಟ್‌ಮೆಂಟ್ ರದ್ದಾಗಿತ್ತು. ಶಿವಶರಣಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಹೇಳತೊಡಗಿದರು.

ಸಿಯಾಟಲ್ ಆಗ ಮೂಲೆಯ ಊರು. ಮರ ಕಡಿಯುವವರು, ಮೀನು ಹಿಡಿಯುವವರು, ವಿಮಾನದ ಕಾರ್ಖಾನೆಯವರು. ದೊಡ್ಡ ಬ್ಯಾಂಡುಗಳು ಕ್ಯಾಲಿಫೋರ್ನಿಯಾದ ತನಕ ಬಂದು, ಅಷ್ಟು ದೂರ ಯಾಕೆಂದು ಹಿಂದಿರುಗಿಬಿಡುತ್ತಿದ್ದವು. ಕ್ಲಬ್ಬುಗಳಿಗೆ ಇಪ್ಪತ್ತೊಂದು ತುಂಬದವರನ್ನು ಬಿಡುತ್ತಿರಲಿಲ್ಲ. ಹೊರಗೆ ವರ್ಷಕ್ಕೆ ಎಂಟು ತಿಂಗಳು ಮೋಡ. ಹಾಗಾಗಿ ಹುಡುಗರು ನೆಲಮಾಳಿಗೆಗಳಲ್ಲಿ ಸೇರಿ ತಮಗೆ ತಾವೇ ಬಾರಿಸಿಕೊಂಡರು. ಪಂಕ್‌ನವರ ಸಿಟ್ಟು, ಹೆವಿ ಮೆಟಲ್‌ನವರ ತೂಕ, ಎರಡನ್ನೂ ಕಲಸಿ ವೇಗ ಕಡಿಮೆ ಮಾಡಿದರು. ಗಿಟಾರಿನ ದಪ್ಪ ತಂತಿಯನ್ನು ಸಡಿಲಿಸಿ ಸ್ವರ ಕೆಳಗಿಳಿಸಿದರು. ಒಳ್ಳೆಯ ಸಾಮಾನು ಕೊಳ್ಳಲು ಕಾಸಿರಲಿಲ್ಲ. ಕೆಟ್ಟ ಸಾಮಾನಿನಿಂದ ಬಂದ ಶಬ್ದವೇ ಅವರದಾಯಿತು.

"ಅದಕ್ಕ ಗ್ರಂಜ್ ಅಂತ ಹೆಸರು ಬಿತ್ತು. ಅಂದ್ರ ಕೊಳಿ, ಜಿಡ್ಡು. ಹಾಡೋರಿಗೆ ಯಾರಿಗೂ ಆ ಹೆಸರು ಸೇರ್ತಿದ್ದಿಲ್ಲ. ಚೌಕಡಿ ಉಣ್ಣಿ ಅಂಗಿ ಹಾಕೋತಿದ್ರಲ್ಲ, ಅದು ಫ್ಯಾಷನ್ನಿಗೆ ಅಲ್ರಿ. ಥಂಡಿ ಇತ್ತು, ಹಳೇ ಬಟ್ಟಿ ಅಂಗಡ್ಯಾಗ ಎರಡು ಡಾಲರಿಗೆ ಸಿಗ್ತಿತ್ತು. ಊರಿನ ಒಂದು ಸಣ್ಣ ಕಂಪನಿ ಇವ್ರ ರೆಕಾರ್ಡ್ ಮಾಡಿ ಅಂಚೆದಾಗ ಕಳಿಸ್ತಿತ್ತು. ಇಂಗ್ಲೆಂಡಿನಿಂದ ಒಬ್ಬ ಪತ್ರಿಕಾದಾಂವ ಬಂದು ಬರದ. ಆಮ್ಯಾಲ ಸುರು ಆತು."

"ನೀವು ಆಗ ಅಲ್ಲೇ ಇದ್ರಾ?"

"ಇಲ್ಲ," ಎಂದರು ಶಿವಶರಣಪ್ಪ.

ಆ ‘ಇಲ್ಲ’ದ ಕತೆಯನ್ನು ಅವರು ತಡೆದು ತಡೆದು ಹೇಳಿದರು. ೧೯೯೦ರ ವಸಂತದಲ್ಲಿ ಮಡ್ ಫೆರಿಯವರು ಹಳೆಯ ವ್ಯಾನೊಂದನ್ನು ಹಿಡಿದು ಹನ್ನೊಂದು ಊರುಗಳ ಟೂರ್ ಹೊರಟಿದ್ದರು. ಆಂಪ್ ನೋಡಿಕೊಳ್ಳಲು ಇವರೂ ಹೋಗುವುದೆಂದಾಗಿತ್ತು. ನಾಲ್ಕು ದಿನ ಮೊದಲು ವರ್ಜೀನಿಯಾದಿಂದ ಕೆಲಸದ ಕರೆ ಬಂತು. ವೀಸಾ ಮುಗಿಯುವುದರಲ್ಲಿತ್ತು. ಇವರು ವಿಮಾನ ಹತ್ತಿದರು. ಮೂರನೇ ಊರಿನಲ್ಲಿ ಆಂಪ್ ಸುಟ್ಟುಹೋಯಿತೆಂದು ಪತ್ರ ಬಂತು. ಅದಾಗಿ ವರ್ಷದೊಳಗೆ ಬ್ಯಾಂಡ್ ಒಡೆಯಿತು. ಅದೇ ೧೯೯೧ರ ಶರತ್ಕಾಲದಲ್ಲಿ ಆ ಊರಿನ ಸಂಗೀತ ಲೋಕದ ಎಲ್ಲ ರೇಡಿಯೋಗಳಲ್ಲೂ ಮೊಳಗಿತು. ಮುಂದೆ ಮದುವೆಯಾಗಿ ಬಂದ ಹೆಂಡತಿಯನ್ನು ಶಾಪಿಂಗ್ ಮಾಲ್‌ಗೆ ಕರೆದುಕೊಂಡು ಹೋದಾಗ ಗಾಜಿನ ಹಿಂದೆ ಅದೇ ಚೌಕಡಿ ಅಂಗಿ ತೂಗುಬಿಟ್ಟಿದ್ದರು, ಅರವತ್ತು ಡಾಲರ್. ಬಣ್ಣ ಹೋದ ಅಂಗಿಗೆ ಇಷ್ಟು ಯಾಕೆ ಎಂದು ಸಿದ್ದೇಶ್ವರಿ ಕೇಳಿದ್ದರು. ಆ ಮರುವರ್ಷ, ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದ ಕರ್ಟಿಸ್ ಮಾದಕ ಚುಚ್ಚಿಕೊಂಡು ಸತ್ತ. ಅಂಥ ಸಾವುಗಳು ಆ ಊರಿನಲ್ಲಿ ಅವನದೊಂದೇ ಆಗಿರಲಿಲ್ಲ. ಅಲ್ಲಿಂದಾಚೆ ಶಿವಶರಣಪ್ಪ ಆ ಸಂಗೀತ ಕೇಳಲಿಲ್ಲ, ಡೀನಾಳಿಗೆ ಬರೆಯಲೂ ಇಲ್ಲ.

"ನಾ ಹೋಗಿದ್ರ ಆಂಪ್ ಸುಡ್ತಿದ್ದಿಲ್ಲ," ಎಂದರು. "ಈಗ ಇದನ್ನಾರ ನೆಟ್ಟಗ ಕೇಳಿ ಹೇಳಬೇಕಲ್ರಿ ಡಾಕ್ಟರ್."

ಅಂದು ಸಂಜೆ ಆಶ್‌ಬರ್ನ್‌ನ ಮನೆಯಲ್ಲಿ ಮುನೀಬಾ ಊಟಕ್ಕೆ ಕೂತವಳು ಗಂಡ ಉಮೈರ್‌ನನ್ನು ಕೇಳಿದಳು, "ನಿಮ್ಮ ಗಿಟಾರ್ ಎಲ್ಲಿದೆ?"

ಉಮೈರ್ ತಟ್ಟೆಯಿಂದ ತಲೆಯೆತ್ತಿದ. ಬೆಂಗಳೂರಿನವನು, ಡೇಟಾ ಸೆಂಟರಿನಲ್ಲಿ ನೆಟ್‌ವರ್ಕ್ ಇಂಜಿನಿಯರ್. ೨೦೨೦ರ ಲಾಕ್‌ಡೌನಿನಲ್ಲಿ ಎಲ್ಲರೂ ಬ್ರೆಡ್ ಮಾಡುವುದು ಕಲಿಯುತ್ತಿದ್ದಾಗ ಇವನು ಎಲೆಕ್ಟ್ರಿಕ್ ಗಿಟಾರನ್ನೂ ಪುಟ್ಟ ಆಂಪನ್ನೂ ತರಿಸಿದ್ದ. ಮೂರು ಕಾರ್ಡ್, ಅಂದರೆ ಸ್ವರಗುಚ್ಛ, ಕಲಿತು ನಾಲ್ಕನೆಯದಕ್ಕೆ ಬೆರಳು ಬಗ್ಗದೆ ಬೇಸ್‌ಮೆಂಟಿಗೆ ಸಾಗಿಸಿದ್ದ. ಮನೆಯಲ್ಲಿ ಆ ವಿಷಯ ಎತ್ತಬಾರದೆಂಬ ಒಪ್ಪಂದವಿತ್ತು.

"ಮಾರಿಬಿಡೋಣ ಅಂತಾನಾ?"

"ಅಲ್ಲ. ಶನಿವಾರ ಕ್ಲಿನಿಕ್ಕಿಗೆ ತಂದು ಒಬ್ಬ ಪೇಷೆಂಟ್ ಮುಂದೆ ನುಡಿಸ್ಬೇಕು, ಹಿಂದೆ ಬ್ಯಾಂಡ್ ಜೊತೆ ಇದ್ದವ್ರು. ನನಗೆ ರಿಯಲ್ ಆಂಪ್ ಬೇಕು. ಬರೀ ಫೈಲ್ ಇಟ್ಕೊಂಡು ಅವ್ರ ಮಷೀನ್ ಟ್ಯೂನ್ ಮಾಡಕ್ಕೆ ಆಗ್ತಿಲ್ಲ."

"ನನಗೆ ಬರೋದು ಮೂರೇ ಕಾರ್ಡ್, ಮುನೀಬಾ. ಯಾರೋ ಹಳೇ ಪ್ರೊಫೆಷನಲ್ ಮುಂದೆ ನಾನು ಕೂತು…"

"ಅವ್ರಿಗೆ ಕೆಟ್ಟದಾಗಿ ನುಡಿಸೋರೇ ಬೇಕಂತೆ," ಎಂದಳು ಮುನೀಬಾ. ಅದು ಪೂರ್ತಿ ಸುಳ್ಳೇನಲ್ಲ.

ಶನಿವಾರ ಕ್ಲಿನಿಕ್ಕಿಗೆ ರಜೆ. ಪಕ್ಕದ ದಂತವೈದ್ಯರ ಕ್ಲಿನಿಕ್ಕೂ ಮುಚ್ಚಿತ್ತು. ಹತ್ತು ಗಂಟೆಗೆ ಶಿವಶರಣಪ್ಪ ಬಂದರು, ಜೊತೆಗೆ ಸಿದ್ದೇಶ್ವರಿ ಬಂದರು, ಅವರ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ ಬಂತು. ಮುನೀಬಾ ಶಿವಶರಣಪ್ಪನವರನ್ನು ಬಿಟ್ಟು ಉಳಿದವರಿಗೆ ಫೋಮಿನ ಇಯರ್‌ಪ್ಲಗ್ ಹಂಚಿ, ಶಬ್ದ ಅಳೆಯುವ ಮೀಟರನ್ನು ಮೇಜಿನ ಮೇಲಿಟ್ಟು, ಎಂಬತ್ತು ಡೆಸಿಬೆಲ್ ದಾಟಿದರೆ ತಾನೇ ಆಂಪಿನ ಪ್ಲಗ್ ಕೀಳುವುದಾಗಿ ಹೇಳಿದಳು. ಉಳಿದಿರುವ ಕಿವಿಯನ್ನು ಕಾಯುವುದು ತನ್ನ ಕೆಲಸ ಎಂದಳು.

ಉಮೈರ್ ಬೆವರುತ್ತ ಒಂದು ಕಾರ್ಡ್ ಎಳೆದ. ಶಿವಶರಣಪ್ಪ ಮೆಚ್ಚಲಿಲ್ಲ. ಎದ್ದು ಬಂದು ಆಂಪಿನ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿದರು. ಒಂದನ್ನು ಪೂರ್ತಿ, ಒಂದನ್ನು ಅರ್ಧ.

"ಆ ದಪ್ಪ ತಂತಿ ಸಡ್ಲ ಮಾಡ್ರಿ ತಮ್ಮಾ. ‘ಇ’ ಸ್ವರದಿಂದ ‘ಡಿ’ ತನಕ. ಹಾಂ. ಈಗ ಒಂದೇ ಬಟ್ಟು ಅಡ್ಡ ಇಡ್ರಿ. ಸಾಕು."

"ಒಂದೇ ಬೆರಳಾ ಅಂಕಲ್?"

"ಒಂದೇ. ಅಲ್ಲಿ ಯಾರಿಗೆ ಹೆಚ್ಚು ಬರ್ತಿತ್ತಂತೀರಿ?"

ಉಮೈರ್ ಎಳೆದ. ಕೋಣೆಯ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಮೂರು ವರ್ಷ ತನ್ನನ್ನು ಅಣಕಿಸಿದ್ದ ಸಾಮಾನು ಒಂದು ಬೆರಳಿಗೆ ಹೀಗೆ ಗರ್ಜಿಸಿದ್ದು ನೋಡಿ ಅವನ ಮುಖ ಹನ್ನೆರಡರ ಹುಡುಗನ ಮುಖವಾಯಿತು. ಮತ್ತೆ ಎಳೆದ. ಮುನೀಬಾ ಕಂಪ್ಯೂಟರಿನ ಮುಂದೆ ಕೂತು, ಶಿವಶರಣಪ್ಪನವರ ಯಂತ್ರದಲ್ಲಿ ಗದ್ದಲ ಅಮುಕುವ ಸೆಟ್ಟಿಂಗನ್ನು ಹಂತ ಹಂತವಾಗಿ ಇಳಿಸುತ್ತ ಹೋದಳು. ಹದಿಮೂರು ವರ್ಷದಲ್ಲಿ ಅದನ್ನು ಸೊನ್ನೆಗೆ ಇಳಿಸಿದ್ದು ಇದೇ ಮೊದಲು. ಆಮೇಲೆ ಸಿಳ್ಳೆ ತಡೆಯುವುದನ್ನೂ ತೆಗೆದಳು.

"ಸ್ವಲ್ಪ ವಿಸಲ್ ಬರ್ಬೋದು ಅಂಕಲ್."

"ಬರ್ಲಿ ಬಿಡ್ರಿ," ಎಂದ ಶಿವಶರಣಪ್ಪ ಕೈಯೆತ್ತಿ ಅವಳನ್ನು ತಡೆದರು. ಉಮೈರ್‌ಗೆ ನಿಲ್ಲಿಸಬೇಡ ಎಂದು ಇನ್ನೊಂದು ಕೈಯಿಂದ ಸನ್ನೆ ಮಾಡಿದರು. ಕಣ್ಣು ಮುಚ್ಚಿಕೊಂಡು, ಹಳೆಯ ಅಭ್ಯಾಸವೋ ಎಂಬಂತೆ ಆಂಪಿನ ಕಡೆಗೆ ಎಡಗಿವಿ ಕೊಟ್ಟು ಬಗ್ಗಿದರು. ಸಿದ್ದೇಶ್ವರಿ ಹೋಳಿಗೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗಂಡನನ್ನೇ ನೋಡುತ್ತಿದ್ದರು.

"ಹೋತು ನೋಡ್ರಿ ಕಂಬಳಿ," ಎಂದರು ಶಿವಶರಣಪ್ಪ ಕಡೆಗೆ.

ಕೂಡಲೇ ಲ್ಯಾಪ್‌ಟಾಪಿನಲ್ಲಿ ಮಡ್ ಫೆರಿಯ ಮೊದಲ ಹಾಡು ಹಚ್ಚಿದರು. ಅರ್ಧ ನಿಮಿಷವೂ ಕೇಳಲಿಲ್ಲ, ಹುಬ್ಬು ಗಂಟಿಕ್ಕಿತು. ಉಮೈರ್‌ಗೆ ತಂತಿ ಎಳೆಯಲು ಹೇಳಿದರು, ಹಾಡನ್ನು ಕೇಳಿದರು, ಮತ್ತೆ ಎಳೆಯಲು ಹೇಳಿದರು.

"ನಾವು ಡಿ ಗೆ ಇಳಸ್ತಿದ್ವಿ. ಇದು ಡಿ ಅಲ್ಲ. ಮ್ಯಾಲ ಅದ. ಡೀನಾನ ದನಿ ನೋಡ್ರಿ, ಸಾಲಿ ಹುಡುಗಿ ಆಗ್ಯಾಳ. ಎಲ್ಲಾ ಅವಸರ ಅವಸರ."

ಉಮೈರ್ ಫೋನಿನಲ್ಲಿ ಸ್ವರ ಅಳೆಯುವ ಆ್ಯಪ್ ತೆರೆದ. ನಿಜ, ಹಾಡು ಕಾಲು ಸ್ವರದಷ್ಟು ಮೇಲಿತ್ತು. ಟೇಪು ಎಲ್ಲೋ ಜೋರಾಗಿ ಓಡಿತ್ತು. ಆದರೆ ಎಷ್ಟು ಜೋರು ಎಂದು ನಿಖರವಾಗಿ ಹೇಳುವುದು ಹೇಗೆ? ಗಿಟಾರಿನ ತಂತಿಯನ್ನು ಆ ದಿನ ಕಿವಿಯಿಂದಲೇ ಇಳಿಸಿದ್ದರು, ಅದನ್ನು ಪೂರ್ತಿ ನಂಬುವಂತಿಲ್ಲ.

ಶಿವಶರಣಪ್ಪ ಎದ್ದು ಕಿಟಕಿಯ ತನಕ ಹೋಗಿ ಬಂದರು. ಬರುವಾಗ ನಗುತ್ತಿದ್ದರು.

"ಹಮ್ ಎಲ್ಲಿ?" ಎಂದರು. "ನನ್ನ ಆಂಪಿನ ಗುಂಯ್ ಎಲ್ಲದ ಇದರಾಗ? ಇವ್ರು ತೊಳದು ಹಾಕ್ಯಾರ."

ಕಂಪನಿಯವರು ಟೇಪನ್ನು ಶುಚಿಗೊಳಿಸುವ ಉತ್ಸಾಹದಲ್ಲಿ ಹಿನ್ನೆಲೆಯ ಗುಂಯ್ ಶಬ್ದವನ್ನೆಲ್ಲ ತೆಗೆದುಬಿಟ್ಟಿದ್ದರು. ಆದರೆ ಆ ಗುಂಯ್ ಗೋಡೆಯ ಕರೆಂಟಿನದು. ಈ ದೇಶದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ. ಸಿಯಾಟಲ್‌ನಲ್ಲೂ ಅಷ್ಟೇ, ಸೆಂಟರ್‌ವಿಲ್‌ನಲ್ಲೂ ಅಷ್ಟೇ, ೧೯೮೯ರಲ್ಲೂ ಅಷ್ಟೇ. ಟೇಪು ಎಷ್ಟು ಜೋರಾಗಿ ಓಡಿತ್ತೋ ಆ ಅರವತ್ತೂ ಅಷ್ಟೇ ಏರಿರುತ್ತದೆ. ಮೂವತ್ತು ವರ್ಷ ಅದೇ ಅರವತ್ತನ್ನು ಕಾಯುತ್ತ ಸಂಬಳ ಎಣಿಸಿದ ಮನುಷ್ಯನಿಗೆ ಇನ್ನೇನು ಬೇಕು? ತೊಳೆಯದ ಮೂಲ ಫೈಲ್ ಕಳಿಸಿ ಎಂದು ಅಲ್ಲೇ ಕೂತು ಬರೆದರು. ಸೋಮವಾರ ಅದು ಬಂತು. ಗುಂಯ್ ಅರವತ್ತೆರಡರಲ್ಲಿತ್ತು. ಅದನ್ನು ಅರವತ್ತಕ್ಕೆ ತರುವಷ್ಟು ಟೇಪನ್ನು ನಿಧಾನ ಮಾಡಿ, ಮತ್ತೆ ದಯವಿಟ್ಟು ಏನನ್ನೂ ತೊಳೆಯಬೇಡಿ ಎಂದು ಬರೆದು ಕಳಿಸಿದರು. ಆ ಪತ್ರದ ಪ್ರತಿಯನ್ನು ಮುನೀಬಾಳಿಗೂ ಕಳಿಸಿದ್ದರು. ಅವಳು ಅದನ್ನು ಲಂಚ್ ಹೊತ್ತಿನಲ್ಲಿ ಎರಡು ಸಲ ಓದಿದಳು.

ಜನವರಿಯ ಚೆಕಪ್ಪಿಗೆ ಬಂದಾಗ ಅವರು ಹೊಸ ಸುದ್ದಿ ತಂದಿದ್ದರು. ಡೀನಾ ಫೋನ್ ಮಾಡಿದ್ದಳು. ಈಗ ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿ ಶಾಲೆಯ ಲೈಬ್ರರಿಯನ್. ಕಂಪನಿಯವರಿಂದ ನಂಬರ್ ಪಡೆದಿದ್ದಳು.

"ಏನಂದ್ರು ಅಂಕಲ್?"

"ಆಂಪ್ ಬಗ್ಗೆ ನಾನೇ ಕೇಳ್ದೆ. ಕ್ಷಮಾ ಕೇಳ್ಬೇಕು ಅಂತ. ಆಕಿ ಜೋರ್ ನಕ್ಕಳು. ಅದು ಸುಟ್ಟಿದ್ದು ಕರ್ಟಿಸ್ ಅದರ ಮ್ಯಾಲ ಬಿಯರ್ ಚೆಲ್ಲಿದ್ದಕ್ಕಂತ. ನಾ ಇದ್ರೂ ಸುಡ್ತಿತ್ತಂತ." ಶಿವಶರಣಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಮೂವತ್ಮೂರು ವರ್ಷ ರಿ. ಒಂದು ಫೋನ್ ಮಾಡಿದ್ರ ಆಗ್ತಿತ್ತು."

ಮುನೀಬಾ ಅವರ ಯಂತ್ರದ ಬ್ಯಾಟರಿ ಪರೀಕ್ಷಿಸಿದಳು. ಆಮೇಲೆ, "ಕರ್ಟಿಸ್ ಬಗ್ಗೆ ಮಾತಾಡಿದ್ರಾ?" ಎಂದಳು.

"ಬಾಳ ಹೊತ್ತು," ಎಂದರು ಅವರು.

ಏಪ್ರಿಲಿನಲ್ಲಿ ರೆಕಾರ್ಡ್ ಬಂತು. ಸಿದ್ದೇಶ್ವರಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಇಬ್ಬರನ್ನೂ ಕರೆದರು. ಕ್ಲಾರ್ಕ್ಸ್‌ಬರ್ಗ್‌ನ ಆ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಶಿವಶರಣಪ್ಪ ಎಲ್ಲಿಂದಲೋ ಒಂದು ಹಳೆಯ ಟರ್ನ್‌ಟೇಬಲ್ ತಂದು ತಾವೇ ರಿಪೇರಿ ಮಾಡಿಟ್ಟಿದ್ದರು. ಊಟ ನಡುವಿನಲ್ಲಿರುವಾಗಲೇ ತಾಳಲಾರದೆ ಎದ್ದು ಹೋಗಿ ಮುಳ್ಳು ಇಳಿಸಿದರು.

ಮೊದಲು ಬಂದದ್ದು ಗುಂಯ್. ಆಮೇಲೆ ಯಾರೋ ಕೆಮ್ಮಿದರು. ಆಮೇಲೆ ಒಂದು ಗಂಡು ದನಿ, ಇನ್ನೂ ಮೂವತ್ತು ದಾಟದ ದನಿ, ಮೈಕಿಗೆ ಬಾಯಿ ಹಚ್ಚಿ ಹೇಳಿತು: "ಒಂದು… ಎರಡು… ಮೂರು. ಏ ಕರ್ಟಿಸ್, ಹಿಂದಕ್ಕ ಸರಿಯೋ, ವೈರ್ ಅದ ಅಲ್ಲಿ." ಅದರ ಬೆನ್ನಿಗೇ ಇಂಗ್ಲಿಷಿನಲ್ಲಿ ಏನೋ ಅಂದ ಒಬ್ಬ ಹುಡುಗನ ನಗು. ಮತ್ತೆ ಗಿಟಾರು.

ತೊಳೆದ ಫೈಲಿನಲ್ಲಿ ಇದನ್ನು ಕತ್ತರಿಸಿಹಾಕಿದ್ದರು. ಇಟ್ಟುಕೊಳ್ಳಲೇಬೇಕು ಎಂದು ಡೀನಾ ಹಟ ಹಿಡಿದಿದ್ದಳಂತೆ; ಶಿವಶರಣಪ್ಪನವರಿಗೂ ಹೇಳಿರಲಿಲ್ಲ.

ರೊಟ್ಟಿ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಸಿದ್ದೇಶ್ವರಿ ಬಾಗಿಲಲ್ಲೇ ನಿಂತರು.

"ನೀವೇನ್ರಿ ಅದು?"

ಅವರು ಹೌದೆಂದು ತಲೆಯಾಡಿಸಿದರು.

ಸಿದ್ದೇಶ್ವರಿ ಬಂದು ಕುರ್ಚಿಯಲ್ಲಿ ಕೂತರು. ಹಾಡು ಮುಗಿಯುವ ತನಕ ಅಲುಗಲಿಲ್ಲ. ಮುನೀಬಾಳಿಗೆ ಈ ಸಲವೂ ಆ ಹಾಡು ಇಷ್ಟವಾಯಿತೆಂದು ಹೇಳಲಾಗದು. ಆದರೆ ಗಿಟಾರಿಗೂ ಟ್ರಕ್ಕಿಗೂ ಇರುವ ವ್ಯತ್ಯಾಸ ಅವಳಿಗೆ ಈಗ ಗೊತ್ತಾಗುತ್ತಿತ್ತು. ಉಮೈರ್ ಮೇಜಿನ ಕೆಳಗೆ ಒಂದು ಬೆರಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ತಾಳ ಹಿಡಿದಿದ್ದ.

"ಇನ್ನೊಮ್ಮೆ ಹಚ್ರಿ," ಎಂದರು ಸಿದ್ದೇಶ್ವರಿ.

"ಹಾಡು ಸೇರ್ತೇನು?"

"ಹಾಡು ಇರ್ಲಿ. ಮದಲಿಂದು ಹಚ್ರಿ. ನಮ್ಮ ಮದುವಿಗಿಂತ ಮದಲ ನೀವು ಹ್ಯಾಂಗ ಮಾತಾಡ್ತಿದ್ರಿ ಅಂತ ನಾ ಎಲ್ಲಿ ಕೇಳೀನಿ?"

ಶಿವಶರಣಪ್ಪ ಎದ್ದು ಹೋಗಿ, ಮುಳ್ಳನ್ನು ಎತ್ತಿ, ಅಂಚಿಗೆ ತಂದು ಜೋಪಾನವಾಗಿ ಇಳಿಸಿದರು.